9000 ಆರ್‌ಪಿಎಂ ರಿಗ್ ಅದುರುತ್ತಿದೆಯೇ? ತೂಕ ಕಟ್ಟುವ ಮೊದಲು ಇಷ್ಟು ನೋಡಿ

ಭೋಸರಿಯಲ್ಲಿ ಲೇತ್ ಕೆಲಸ ಮಾಡಿಸಿ, ಬುಧವಾರ ಪೇಟೆಯಿಂದ ಸೆನ್ಸರ್ ತಂದು, ಪುಣೆಯ ಶೆಡ್ಡಿನಲ್ಲೇ ಮೋಟಾರಿನಿಂದ ಡಿಸ್ಕ್ ತಿರುಗಿಸುವ ರಿಗ್ ಕಟ್ಟಿದ್ದೀರಿ. 3000ದವರೆಗೆ ಮೆತ್ತಗೆ ತಿರುಗಿದ್ದು 5000 ದಾಟುತ್ತಲೇ ಫ್ರೇಮ್ ಸಮೇತ ಅದುರುತ್ತದೆ. ಆಗ ಹೆಚ್ಚಿನವರು ಮೊದಲು ಕೈಹಾಕುವುದು ಡಿಸ್ಕಿಗೆ ತೂಕ ಕಟ್ಟಲು. ಅದು ಕೊನೆಯ ಕೆಲಸ. ಸಡಿಲ ಬೋಲ್ಟು, ಕೂರದ ಕಾಲು, ಬೇರಿಂಗಿನ ಸವೆತ, ಇವು ತೂಕದಿಂದ ಹೋಗುವುದಿಲ್ಲ.

ಲೆಕ್ಕಕ್ಕೆ ಒಂದು ರಿಗ್ ಇಟ್ಟುಕೊಳ್ಳೋಣ: ಇಎನ್8 ಉಕ್ಕಿನ ಶಾಫ್ಟ್, ಎರಡೂ ಕಡೆ 6204 ಬೇರಿಂಗ್, ನಡುವೆ 200 ಮಿ.ಮೀ. ವ್ಯಾಸದ, 16 ಮಿ.ಮೀ. ದಪ್ಪದ ಉಕ್ಕಿನ ಡಿಸ್ಕ್. ತೂಕ ಸುಮಾರು 4 ಕಿಲೋ. ಇದು 9000ದಲ್ಲಿ ತಿರುಗುವಾಗ ಅದರೊಳಗೆ ಹತ್ತಿರ ಹತ್ತಿರ 8900 ಜೌಲ್ ಶಕ್ತಿ ಇರುತ್ತದೆ, ಅಂದರೆ 90 ಕಿಲೋ ಭಾರ 10 ಮೀಟರ್ ಎತ್ತರದಿಂದ ಬಿದ್ದಷ್ಟು. ಅಕ್ರಿಲಿಕ್ ಹಾಳೆ ಇದನ್ನು ತಡೆಯದು. ಫ್ರೇಮಿಗೆ ಬೋಲ್ಟ್ ಮಾಡಿದ ದಪ್ಪ ಉಕ್ಕಿನ ಬಳೆ ಬೇಕು, ಸ್ವಿಚ್ಚು ದೂರದಲ್ಲಿರಬೇಕು, ಡಿಸ್ಕ್ ತಿರುಗುವ ನೇರದಲ್ಲಿ ಯಾರೂ ನಿಲ್ಲಬಾರದು. ಗಾರ್ಡ್ ತೆಗೆದು "ಒಂದೇ ಸಲ ನೋಡ್ತೀನಿ" ಅನ್ನುವುದು ಬೇಡವೇ ಬೇಡ.

ಮೊದಲ ಪರೀಕ್ಷೆಗೆ ಖರ್ಚಿಲ್ಲ. ವಿಎಫ್‌ಡಿಯ (ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್) ಸ್ಟಾಪ್ ಸೆಟ್ಟಿಂಗನ್ನು ರ‍್ಯಾಂಪ್‌ನಿಂದ ಕೋಸ್ಟ್‌ಗೆ ಬದಲಿಸಿ. ಇಲ್ಲದಿದ್ದರೆ ನಿಲ್ಲಿಸುವಾಗಲೂ ಡ್ರೈವ್ ಮೋಟಾರನ್ನು ಹಿಡಿದೇ ಇರುತ್ತದೆ. ಅದುರುವ ವೇಗಕ್ಕೆ ಒಯ್ದು, ಸ್ಟಾಪ್ ಒತ್ತಿ ಮೋಟಾರಿನ ಕರೆಂಟ್ ಕಡಿಯಿರಿ. ಅದುರು ಆ ಕ್ಷಣವೇ ಮಾಯವಾದರೆ ದೋಷ ಮೋಟಾರು ಅಥವಾ ಡ್ರೈವಿನದು. ವೇಗದ ಜೊತೆಗೇ ನಿಧಾನವಾಗಿ ಇಳಿದರೆ ಅಸಮತೋಲ, ಅಲೈನ್‌ಮೆಂಟ್ ಕಡೆ ನೋಡಬೇಕು. ಇಳಿಯುವ ದಾರಿಯಲ್ಲಿ ಒಂದೇ ಒಂದು ವೇಗದಲ್ಲಿ ಏರಿ ಮತ್ತೆ ಇಳಿದರೆ ಅದು ಅನುರಣನ (ರೆಸೊನೆನ್ಸ್), ಅಂದರೆ ತಿರುಗುವ ವೇಗ ರಿಗ್ಗಿನ ಸ್ವಂತ ಆವರ್ತನಕ್ಕೆ ತಾಳೆಯಾಗುವುದು.

ಮುಂದಿನದಕ್ಕೆ ಅಳತೆ ಬೇಕು. 9000 ಆರ್‌ಪಿಎಂ ಅಂದರೆ 150 ಹರ್ಟ್ಸ್, ಅದರ ದುಪ್ಪಟ್ಟು 300. ಮೊಬೈಲ್ ಆ್ಯಪ್ ಇಷ್ಟು ಮೇಲಿನದನ್ನು ನಂಬುವ ಹಾಗೆ ತೋರಿಸುವುದಿಲ್ಲ. ಎಡಿಎಕ್ಸ್‌ಎಲ್345 ಎಂಬ ಕಂಪನ ಅಳೆಯುವ ಸೆನ್ಸರ್ ಸಾಕು, ಆದರೆ ಎಸ್‌ಪಿಐ ಎಂಬ ವೇಗದ ಡೇಟಾ ಸಂಪರ್ಕದ ಮೂಲಕ ಜೋಡಿಸಿ. ಸೆಕೆಂಡಿಗೆ 3200 ರೀಡಿಂಗ್ ಸಿಗುತ್ತದೆ. 400 ಕಿಲೋಹರ್ಟ್ಸ್ ಐ2ಸಿ ಎಂಬ ಇನ್ನೊಂದು ಸಂಪರ್ಕದಲ್ಲಿ 800ಕ್ಕಿಂತ ಮೇಲೆ ಹೋಗಬಾರದು. ಸೆನ್ಸರ್ ಬೋರ್ಡನ್ನು ಬೇರಿಂಗ್ ಬ್ಲಾಕಿಗೆ ಸ್ಕ್ರೂ ಮಾಡಿ. ಫೋಮ್ ಟೇಪ್ ಹಾಕಿದರೆ ಮೇಲಿನ ಆವರ್ತನಗಳನ್ನು ಅದೇ ನುಂಗಿಬಿಡುತ್ತದೆ.

ಎಫ್‌ಎಫ್‌ಟಿಯಲ್ಲಿ (ಅದುರನ್ನು ಆವರ್ತನಗಳಾಗಿ ಬಿಡಿಸಿ ತೋರಿಸುವ ಗ್ರಾಫ್) ತಿರುಗುವ ಆವರ್ತನ ಒಂದೇ ಎದ್ದು ಕಂಡರೆ ಹೆಚ್ಚಾಗಿ ಅಸಮತೋಲ. ಎರಡರಷ್ಟರ ಗೆರೆ ಜೋರಾಗಿದ್ದು, ಶಾಫ್ಟಿನ ಉದ್ದದ ದಿಕ್ಕಿನಲ್ಲೂ ಅದುರಿದರೆ ಕಪ್ಲಿಂಗ್ (ಮೋಟಾರನ್ನು ಶಾಫ್ಟಿಗೆ ಜೋಡಿಸುವ ಭಾಗ) ಅಲೈನ್‌ಮೆಂಟ್. ಒಂದು, ಎರಡು, ಮೂರು, ನಾಲ್ಕು ಎಂದು ಸಾಲು ಗೆರೆಗಳು ಬಂದರೆ ಯಾವುದೋ ಸಡಿಲವಾಗಿದೆ. 6204ರಲ್ಲಿ 8 ಗುಂಡುಗಳಿರುವುದರಿಂದ ಹೊರ ರೇಸಿನ ಪೆಟ್ಟು ಸುಮಾರು 3 ಪಟ್ಟಿನಲ್ಲೂ ಒಳ ರೇಸಿನದು ಸುಮಾರು 5 ಪಟ್ಟಿನಲ್ಲೂ ಕಾಣುತ್ತದೆ. ಸರಿಯಾಗಿ ಪೂರ್ಣಾಂಕದ ಮೇಲೆ ಕೂರದಿರುವುದೇ ಅದರ ಗುರುತು.

ಅನುರಣನವೆಂಬ ಅನುಮಾನವಿದ್ದರೆ ರಿಗ್ ನಿಲ್ಲಿಸಿ, ಪ್ಲಾಸ್ಟಿಕ್ ಸುತ್ತಿಗೆಯಿಂದ ಬೇರಿಂಗ್ ಬ್ಲಾಕಿಗೆ ಬಡಿದು ಎಫ್‌ಎಫ್‌ಟಿ ನೋಡಿ. 85 ಹರ್ಟ್ಸ್ ಬಂತೋ, 5100 ಆರ್‌ಪಿಎಂನಲ್ಲಿ ಫ್ರೇಮ್ ಕುಣಿಯುತ್ತದೆ ಎಂದೇ ಅರ್ಥ. ಇಲ್ಲಿ ಮರಳು ಚೀಲ ಹೇರುವವರಿದ್ದಾರೆ. ಭಾರ ಹೆಚ್ಚಿದರೆ ಆ ಆವರ್ತನ ಇನ್ನೂ ಕೆಳಗಿಳಿಯುತ್ತದೆ, ಅಷ್ಟೇ. ಬೇಕಾದದ್ದು ಬಿಗಿ: ಚಾನಲ್ ಫ್ರೇಮಿಗೆ ಓರೆ ಪಟ್ಟಿಗಳನ್ನು ವೆಲ್ಡ್ ಮಾಡಿ, ಕೆಳಗೆ ದಪ್ಪ ಪ್ಲೇಟ್ ಹಾಕಿ, ನೆಲಕ್ಕೆ ಆ್ಯಂಕರ್ ಮಾಡಿ. ಕೆಲಸದ ವೇಗ ಆ ಆವರ್ತನದಿಂದ ಕನಿಷ್ಠ 20 ಶೇಕಡ ದೂರವಿರಲಿ.

ಈಗ ಡಯಲ್ ಗೇಜ್ ತೆಗೆದುಕೊಳ್ಳಿ. ಮೋಟಾರಿನ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿ ನೋಡಿ, ಕಾಲು 0.05 ಮಿ.ಮೀ.ಗಿಂತ ಹೆಚ್ಚು ಎದ್ದರೆ ಶಿಮ್ (ತೆಳು ಲೋಹದ ತಗಡು) ಕೊಡಿ. ಡಿಸ್ಕ್ ಕೂರುವಲ್ಲಿ ಶಾಫ್ಟಿನ ರನ್‌ಔಟ್ (ತಿರುಗುವಾಗಿನ ಓಲಾಟ) 0.02 ಮಿ.ಮೀ. ದಾಟಬಾರದು. ಶಾಫ್ಟಿಗೆ ಬ್ರೈಟ್ ಬಾರನ್ನು (ನಯವಾದ ಉಕ್ಕಿನ ಸಲಾಕೆ) ಗ್ರೈಂಡ್ ಮಾಡಿಸದೆ ಹಾಗೇ ಹಾಕಿದ್ದರೆ ಡೊಂಕು ಇಲ್ಲೇ ಸಿಗುತ್ತದೆ. ಎರಡೂ ಬೇರಿಂಗುಗಳನ್ನು ಹೌಸಿಂಗಿನಲ್ಲಿ ಬಿಗಿ ಮಾಡಬೇಡಿ: ಒಂದು ಕಟ್ಟಿರಲಿ, ಇನ್ನೊಂದು ವೇವ್ ವಾಷರಿನ (ಅಲೆಯಾಕಾರದ ಸ್ಪ್ರಿಂಗ್ ವಾಷರ್) ಒತ್ತಡದಲ್ಲಿ ಜಾರಲಿ. ಇಲ್ಲವಾದರೆ ಶಾಫ್ಟ್ ಬಿಸಿಯಾಗಿ ಹಿಗ್ಗಿ ಬೇರಿಂಗನ್ನು ಒತ್ತುತ್ತದೆ. ರಬ್ಬರ್ ಸೀಲಿನ 6204ರ ಮಿತಿ ಸುಮಾರು 10,000. 9000ಕ್ಕೆ ಲೋಹದ ಶೀಲ್ಡಿನ ಝಡ್‌ಝಡ್ ಮೇಲು.

ಇಷ್ಟಾದ ಮೇಲೂ ಒಂದರಷ್ಟರ ಗೆರೆಯೇ ಉಳಿದರೆ ಬ್ಯಾಲೆನ್ಸ್ ಮಾಡಿ. 80 ಮಿ.ಮೀ. ತ್ರಿಜ್ಯದಲ್ಲಿ ಡಿಸ್ಕಿನ ಮುಖಕ್ಕೆ 30 ಡಿಗ್ರಿಗೊಂದರಂತೆ 12 ಎಂ4 ತೂತುಗಳನ್ನು ಟ್ಯಾಪ್ ಮಾಡಿಸಿ. ತೂತು ಶಾಫ್ಟಿಗೆ ಸಮಾನಾಂತರವಾಗಿದ್ದರೆ ತೂಕವಾಗಿ ಹಾಕುವ ಗ್ರಬ್ ಸ್ಕ್ರೂ (ತಲೆಯಿಲ್ಲದ ಸ್ಕ್ರೂ) ತೂತಿನ ಗೋಡೆಗೆ ಒತ್ತುತ್ತದೆ, ಹೊರಗೆ ಹಾರುವುದಿಲ್ಲ. ಅರ್ಧ ಗ್ರಾಂ ಸ್ಕ್ರೂ 9000ದಲ್ಲಿ ಮೂರೂವರೆ ಕಿಲೋ ಭಾರದಷ್ಟು ಜಗ್ಗುತ್ತದೆ, ಆದ್ದರಿಂದ ಟೇಪಿನ ಮಾತೇ ಬೇಡ.

3000 ಆರ್‌ಪಿಎಂನಲ್ಲಿ ನಾಲ್ಕು ಸಲ ಓಡಿಸಿ. ಮೊದಲು ಬರಿಯ ಡಿಸ್ಕ್, ಆಮೇಲೆ ಅದೇ 0.5 ಗ್ರಾಂ ತೂಕವನ್ನು 0, 120, 240 ಡಿಗ್ರಿಗಳಲ್ಲಿ ಒಂದೊಂದು ಸಲ. ಓದಿದ್ದು 6, 3.9, 6.6, 9.9 ಮಿ.ಮೀ. ಪ್ರತಿ ಸೆಕೆಂಡ್ ಎನ್ನಿ. ಗ್ರಾಫ್ ಹಾಳೆಯಲ್ಲಿ 6 ಸೆಂ.ಮೀ. ತ್ರಿಜ್ಯದ ವೃತ್ತ ಎಳೆದು, ಅದರ ಮೇಲೆ ಆ ಮೂರು ಕೋನಗಳ ಬಿಂದುಗಳನ್ನು ಗುರುತಿಸಿ. ಒಂದೊಂದನ್ನೂ ಕೇಂದ್ರವಾಗಿಟ್ಟು 3.9, 6.6, 9.9 ಸೆಂ.ಮೀ. ಕಂಸ ಎಳೆಯಿರಿ. ಮೂರೂ ಕೂಡುವ ಜಾಗ ನಡುಬಿಂದುವಿನಿಂದ 4 ಸೆಂ.ಮೀ. ದೂರದಲ್ಲಿ, 40 ಡಿಗ್ರಿ ದಿಕ್ಕಿನಲ್ಲಿ ಸಿಗುತ್ತದೆ. ಹಾಕಬೇಕಾದ ತೂಕ 0.5 ಗುಣಿಸು 6 ಭಾಗಿಸು 4, ಅಂದರೆ 0.75 ಗ್ರಾಂ. 40ರಲ್ಲಿ ತೂತಿಲ್ಲವಾದ್ದರಿಂದ 30ಕ್ಕೆ 0.51, 60ಕ್ಕೆ 0.26 ಹಂಚಿ, 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ, ಥ್ರೆಡ್‌ಲಾಕರ್ ಹಚ್ಚಿ. ಮೂರು ಕಂಸಗಳು ಒಂದೆಡೆ ಕೂಡದೆ ದೊಡ್ಡ ತ್ರಿಕೋನ ಬಿಟ್ಟರೆ ವೇಗ ಒಂದೇ ಆಗಿರಲಿಲ್ಲ, ಇಲ್ಲವೇ ಇನ್ನೂ ಏನೋ ಸಡಿಲವಿದೆ.

ತಿರುಗುವ ಭಾಗಗಳ ಸಮತೋಲ ಅಳೆಯುವ ಜಿ2.5 ದರ್ಜೆಯಂತೆ ಈ ಡಿಸ್ಕಿಗೆ 9000ದಲ್ಲಿ ಉಳಿಯಬಹುದಾದ ಅಸಮತೋಲ 80 ಮಿ.ಮೀ.ನಲ್ಲಿ ಸುಮಾರು 0.13 ಗ್ರಾಂ. ಆಮೇಲೆ 500ರ ಹಂತಗಳಲ್ಲಿ ಏರಿಸಿ, ಪ್ರತಿ ಹಂತದ ರೀಡಿಂಗ್ ಬರೆದಿಡಿ. ಎರಡು ಬೇರಿಂಗುಗಳ ಓದು ತೀರಾ ಬೇರೆಯಾದರೆ ಒಂದೇ ಸಮತಲದ ಬ್ಯಾಲೆನ್ಸಿಂಗ್ ಸಾಲದು. ಭೋಸರಿ, ಚಿಂಚವಡ ಕಡೆ ಡೈನಮಿಕ್ ಬ್ಯಾಲೆನ್ಸಿಂಗ್ ಮಾಡುವವರ ಬಳಿ ಒಯ್ಯಿರಿ. ಹೋಗುವಾಗ ಶಾಫ್ಟ್, ಡಿಸ್ಕ್, ಕಪ್ಲಿಂಗ್ ಹಬ್ ಮತ್ತು ಕೀ (ಹಬ್ಬನ್ನು ಶಾಫ್ಟಿಗೆ ಹಿಡಿದಿಡುವ ಲೋಹದ ತುಂಡು) ಎಲ್ಲವನ್ನೂ ಜೋಡಿಸಿಯೇ ಕೊಡಿ. ಕೀ ಬಿಟ್ಟು ಬ್ಯಾಲೆನ್ಸ್ ಮಾಡಿಸಿದರೆ ಅದನ್ನು ಕೂರಿಸಿದ ದಿನವೇ ಅದುರು ಮರಳುತ್ತದೆ.