ಕ್ಯಾಮೆರಾ ಆನ್ ಆಗುವವರೆಗೂ ಅಪ್ಪ-ಮಗನನ್ನು ಭೇಟಿ ಮಾಡಿಸಲಿಲ್ಲ

ನನ್ನ ಕಿರುಚಿತ್ರವನ್ನು ಕಥೆಯ ಕ್ರಮದಲ್ಲೇ, ಮೊದಲ ದೃಶ್ಯದಿಂದ ಕೊನೆಯದರವರೆಗೆ ಸಾಲಾಗಿ ಶೂಟ್ ಮಾಡುತ್ತೇನೆ ಎಂದಾಗ ನಮ್ಮ ಕ್ಯಾಮೆರಾಮನ್ ಶೆಡ್ಯೂಲ್ ಹಾಳೆ ಮಡಚಿ ನನ್ನ ಕೈಗೇ ಕೊಟ್ಟ. "ಒಂದೇ ಮನೆಗೆ ಮೂರು ಸಲ ಲೈಟ್ ಹೊರಿಸ್ತೀಯ, ದುಡ್ಡೆಲ್ಲಿದೆ?" ಅವನ ಲೆಕ್ಕ ಸರಿಯೇ. ಆದರೆ ಹಿಂದಿನ ವರ್ಷ ಅದೇ ಲೆಕ್ಕ ನಂಬಿ ಸುಮಾರು 3,000 ಪೌಂಡ್ ಕಳೆದುಕೊಂಡವನು ನಾನು.

ಕಥೆ ಸಣ್ಣದು, 22 ನಿಮಿಷ. ಇಂಗ್ಲೆಂಡಿನ ಹಲ್ ಊರಿನ ಹೆಸಲ್ ರೋಡ್. ಟ್ರಾಲರ್‌ಗಳಲ್ಲಿ ಮೀನು ಹಿಡಿದು ಮುಪ್ಪಾದ ಅಪ್ಪ, 6 ವರ್ಷದಿಂದ ಮಾತು ಬಿಟ್ಟ ಮಗ, ನಡುವೆ ಅಮ್ಮನ ಸಾವು. ಹಿಂದಿನ ವರ್ಷದ ಪ್ರಯತ್ನದಲ್ಲಿ ಅಳುವ ದೃಶ್ಯವನ್ನು ಮೊದಲ ದಿನವೇ ತೆಗೆದಿದ್ದೆವು, ಮನೆ ಅವತ್ತು ಸಿಕ್ಕಿತ್ತು ಅಂತ. ಇಬ್ಬರು ನಟರೂ ವಾರವಿಡೀ ರಿಹರ್ಸಲ್ ಮಾಡಿ, ಪಬ್‌ಗೆ ಹೋಗಿ ಗೆಳೆಯರಾಗಿದ್ದರು. ಎಡಿಟಿಂಗ್‌ಗೆ ಕೂತರೆ, ಬಾಗಿಲು ತೆರೆದ ಅಪ್ಪನ ಕಣ್ಣಲ್ಲಿ ಮುನಿಸೇ ಇಲ್ಲ. ಅದು ಹಾರ್ಡ್ ಡಿಸ್ಕಿನಲ್ಲೇ ಉಳಿಯಿತು.

ಕ್ರಮದಲ್ಲಿ ತೆಗೆಯುವುದು ನನ್ನ ಸಂಶೋಧನೆಯಲ್ಲ. ಬ್ರಿಟಿಷ್ ನಿರ್ದೇಶಕ ಕೆನ್ ಲೋಚ್ ಹಾಗೇ ತೆಗೆದವರು, ನಟರಿಗೆ ಸ್ಕ್ರಿಪ್ಟನ್ನೂ ಸ್ವಲ್ಪ ಸ್ವಲ್ಪವೇ ಕೊಡುತ್ತಿದ್ದವರು. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ಹೊಸ ಇಬ್ಬರು ನಟರನ್ನು ಹುಡುಕಿ, ಬೇರೆ ಬೇರೆ ಕಡೆ ಇಳಿಸಿ, ಬೇರೆ ಕಾರಿನಲ್ಲಿ ಕರೆತಂದೆ. ಬಾಗಿಲು ತೆರೆಯಿತು. ಮಗ ಕೈ ಚಾಚಿದ. ಅಪ್ಪ ಆ ಕೈ ಬಿಟ್ಟು ಬ್ಯಾಗ್ ತಗೊಂಡು ಒಳಗೆ ನಡೆದರು. ಸ್ಕ್ರಿಪ್ಟಿನಲ್ಲಿ ಅದು ಇರಲಿಲ್ಲ. ಎರಡನೇ ಟೇಕ್ ನಾನು ಕೇಳಲಿಲ್ಲ.

ಹೆಸಲ್ ರೋಡಿನಲ್ಲಿ ಒಂದು ನಂಬಿಕೆಯಿತ್ತು. ಗಂಡಸರು ಸಮುದ್ರಕ್ಕೆ ಹೊರಟ ದಿನ ಮನೆಯಲ್ಲಿ ಬಟ್ಟೆ ಒಗೆಯಬಾರದು, ಒಗೆದರೆ ಹೋದವನೂ ಕೊಚ್ಚಿಹೋಗುತ್ತಾನೆ. 1968ರ ಚಳಿಗಾಲದಲ್ಲಿ ಮೂರು ಟ್ರಾಲರ್ ಮುಳುಗಿ 58 ಜನರನ್ನು ಕಳೆದುಕೊಂಡ ಊರು ಅದು. ನಮ್ಮ ಕಥೆಯ ಮಗ ತೀರಿಹೋದ ಅಮ್ಮನ ಕಾರ್ಡಿಗನ್ ಸ್ವೆಟರನ್ನು ವಾಷಿಂಗ್ ಮಷೀನಿಗೆ ಹಾಕಿಬಿಡುತ್ತಾನೆ. ಅಪ್ಪನ ಪಾತ್ರ ಮಾಡಿದವರಿಗೆ ಇದನ್ನು ಹೇಳಿರಲಿಲ್ಲ. ಅವರು ಆ ಕಡೆಯವರೇ. ಅಡುಗೆಮನೆಗೆ ಬಂದರು, ಗಾಜಿನೊಳಗೆ ನೀಲಿ ತೋಳು ಸುತ್ತುವುದನ್ನು ಕಂಡರು, ಪ್ಲಗ್ ಕಿತ್ತರು. ಕಿತ್ತರೂ ಮಷೀನಿನ ಬಾಗಿಲಿನ ಲಾಕ್ ಕೂಡಲೇ ಬಿಡುವುದಿಲ್ಲ. ಸುಮಾರು ಎರಡು ನಿಮಿಷ ಮಂಡಿಯೂರಿ, ಹಿಡಿ ಹಿಡಿದುಕೊಂಡೇ ಕಾದರು. ಮಗ ಹಿಂದೆ ನಿಂತೇ ಇದ್ದ. ಫೋಕಸ್ ಹಿಡಿದ ಹುಡುಗಿಯ ಕಣ್ಣಲ್ಲಿ ನೀರು. ಆ ಎರಡು ನಿಮಿಷದಲ್ಲಿ ಒಂದು ಫ್ರೇಮನ್ನೂ ಕತ್ತರಿಸಿಲ್ಲ.

ಚಿತಾಭಸ್ಮದ ದೃಶ್ಯಕ್ಕೆ ಸಮುದ್ರದೊಳಕ್ಕೆ ಚಾಚಿದ ಕಿರಿದಾದ ಮರಳಿನ ಪಟ್ಟಿ ಸ್ಪರ್ನ್ ಪಾಯಿಂಟ್‌ಗೆ ಹೋದೆವು. 2013ರ ಡಿಸೆಂಬರ್‌ನಲ್ಲಿ ಸಮುದ್ರ ಉಕ್ಕಿ ರಸ್ತೆ ಕೊಚ್ಚಿಹೋದ ಮೇಲೆ ಅಲ್ಲಿ ಸಾಮಾನು ಎಳೆದೇ ಹೋಗಬೇಕು. ಚಳಿಗಾಲದಲ್ಲಿ ಮೂರೂಮುಕ್ಕಾಲರ ಹೊತ್ತಿಗೆ ಬೆಳಕು ಮುಗಿದಿರುತ್ತದೆ. ಮೊದಲ ದಿನ ಉಬ್ಬರದ ವೇಳೆ ನಾನೇ ತಪ್ಪಾಗಿ ಓದಿ, ಅರ್ಧ ದಾರಿಯಿಂದ ಎಲ್ಲರನ್ನೂ ವಾಪಸ್ ಕರೆತಂದೆ. ವ್ಯಾನ್ ಬಾಡಿಗೆ, ದಿನಗೂಲಿ ಸೇರಿ 700 ಪೌಂಡ್ ಹೋಯಿತು.

ನಮ್ಮಲ್ಲಿ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋದರೆ ಪುರೋಹಿತರು ಹೇಳಿದಂತೆ ಮಾಡಿದರಾಯಿತು, ಕೈಗೆ ಕೆಲಸ ಇರುತ್ತದೆ. ನನ್ನ ಅಪ್ಪನ ಅಸ್ಥಿ ಬಿಟ್ಟಿದ್ದು ಅಲ್ಲೇ. ಈ ಅಪ್ಪ-ಮಗನಿಗೆ ಹೇಳುವವರೇ ಇಲ್ಲ. ಡಬ್ಬಿ ಯಾರು ತೆರೆಯಬೇಕು, ಮಾತಾಡಬೇಕೇ, ಯಾವ ಕೈ, ಒಂದೂ ಗೊತ್ತಿಲ್ಲ. ಹಾಗಾಗಿ ಡಬ್ಬಿಗೆ ನಿಜದಷ್ಟೇ, ಎರಡೂವರೆ ಕಿಲೋ ಭಾರ ತುಂಬಿಸಿದ್ದೆ. ಮಗ ಎತ್ತಿದಾಗ ಭುಜ ಸ್ವಲ್ಪ ಇಳಿಯಿತು. ಗಾಳಿಗೆ ಲೆನ್ಸಿಗೆ ಬಡಿಯದೆ ನೇರ ಕೆಳಗೆ ಬೀಳುವ ಬೂದಿಯನ್ನು ನಾಲ್ಕನೇ ಪ್ರಯತ್ನಕ್ಕೆ ಕಲಸಿದೆ. ಅದರಲ್ಲಿ ಏನೇನಿದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಸೌಂಡ್‌ನಲ್ಲೂ ಒಂದು ಪ್ರಯೋಗ ಮಾಡಿದೆ. ಬೆಳಗಿನ ಜಾವ ಫ್ರಿಜ್ ಆಫ್ ಮಾಡಿ ಪ್ರತಿ ಕೋಣೆಯ ರೂಮ್ ಟೋನ್, ಅಂದರೆ ಯಾರೂ ಮಾತಾಡದಾಗ ಕೋಣೆಯಲ್ಲಿ ಉಳಿಯುವ ಸದ್ದು, ಹತ್ತತ್ತು ನಿಮಿಷ ಹಿಡಿದೆ, ಗೋಡೆ ಗಡಿಯಾರ ಇಟ್ಟು ಒಮ್ಮೆ, ತೆಗೆದು ಒಮ್ಮೆ. ಗಡಿಯಾರವಿಲ್ಲದ್ದು ಸ್ಪೀಕರಿನಲ್ಲಿ ಬರೀ ಹಿಸ್ ಅನಿಸಿತು, ಬಿಟ್ಟೆ.

ಒಟ್ಟು ಖರ್ಚು 9,500 ಪೌಂಡ್ ಆಸುಪಾಸು. ಕ್ರಮದಲ್ಲಿ ತೆಗೆದದ್ದಕ್ಕೇ ಹೆಚ್ಚಾದದ್ದು 1,400 ಇರಬಹುದು. ಹಲ್‌ನ ಒಂದು ಸಭಾಂಗಣದಲ್ಲಿ ತೋರಿಸಿದಾಗ ಮಷೀನಿನ ದೃಶ್ಯದಲ್ಲಿ ಮುಂದಿನ ಸಾಲಿನ ಅಜ್ಜಿಯೊಬ್ಬರು "ಅಯ್ಯೋ, ಬೇಡ ಕಣೋ" ಅನ್ನುವ ಹಾಗೆ ಕೈ ಎತ್ತಿದರು. ಕ್ಯಾಮೆರಾಮನ್ ನನ್ನ ಪಕ್ಕದಲ್ಲೇ ಕೂತಿದ್ದ. ಮೊನ್ನೆ ತನ್ನ ಹೊಸ ಚಿತ್ರದ ಶೆಡ್ಯೂಲ್ ಕಳಿಸಿದ್ದಾನೆ. ಮೊದಲ ದಿನ ದೃಶ್ಯ 1, ಎರಡನೇ ದಿನ ದೃಶ್ಯ 2.