ಕರೆಂಟ್ ಹೋತಂತ ಆರ್ಟೀಮಿಯಾ ಬಾಟ್ಲಿ ಚೆಲ್ಲಬ್ಯಾಡ್ರಿ

ಗಪ್ಪಿ, ಬೆಟ್ಟಾದಂಥ ಬಣ್ಣದ ಮೀನು ಸಾಕೋರು ಈಗ ಹುಬ್ಬಳ್ಳಿ-ಧಾರವಾಡದಾಗ ಓಣಿಗೊಬ್ರು ಸಿಗ್ತಾರ. ಮರಿಮೀನಿಗೆ ಆರ್ಟೀಮಿಯಾ, ಅಂದ್ರ ಉಪ್ಪುನೀರಿನ ಸಣ್ಣ ಸೀಗಡಿಯಂಥ ಹುಳ, ಅದರಷ್ಟು ಛಲೋ ಆಹಾರ ಮತ್ತೊಂದಿಲ್ಲ, ಆದ್ರ ಅದರ ತತ್ತಿ ಒಡಸೋದ್ರಾಗ ಬಹಳ ಮಂದಿ ಒಂದ ಕಡೆ ತಪ್ತಾರ. ಹೋದ ಮಳಿಗಾಲದಾಗ ನಮ್ಮ ಗೆಳೆಯಾ ಒಬ್ಬಾಂವ ರಾತ್ರಿ ತತ್ತಿ ಹಾಕಿ ಮಲಗ್ಯಾನ, ಹನ್ನೊಂದಕ್ಕ ಕರೆಂಟ್ ಹೋಗಿ ಗಾಳಿ ಪಂಪ್ ನಿಂತೈತಿ, ಮುಂಜಾನೆ ನೋಡಿದ್ರ ಎಲ್ಲಾ ತಳಕ್ಕ ಕೂತು ಒಂದೂ ಒಡದಿಲ್ಲ, ಸತ್ತಾವು ಅಂತ ಗಟಾರಕ್ಕ ಸುರುವಿ ಆಮ್ಯಾಲೆ ನನಗ ಫೋನ್ ಮಾಡ್ಯಾನ. ಅವು ಸತ್ತಿರಲಿಲ್ರೀ.

1. ತತ್ತಿ ತಗೊಳ್ಳೋದು. ಸೀಲ್ ಇರೋ ಡಬ್ಬಿನ ತಗೋರಿ. ದೊಡ್ಡ ಡಬ್ಬಿ ಬಿಚ್ಚಿ ಸಣ್ಣ ಪ್ಲಾಸ್ಟಿಕ್ ಪಾಕೀಟಿನ್ಯಾಗ ಕಟ್ಟಿ ಮಾರ್ತಾರಲ್ಲ, ಅದು ಬ್ಯಾಡೇ ಬ್ಯಾಡ, ಹಸಿ ಗಾಳಿ ಕುಡದು ಒಳಗಿನ ಶಕ್ತಿ ಸುಮ್ಮನ ಖರ್ಚಾಗಿರ್ತೈತಿ. ಸಿಪ್ಪಿ ತಗದು ಒಣಗ್ಸಿದ ತತ್ತಿನೂ ಸಿಗ್ತಾವು, ಅವು ಒಡಿಯಂಗಿಲ್ಲ, ಹಂಗ ತಿನಿಸಲಿಕ್ಕೆ ಅಷ್ಟ. ಒಂದು ಗ್ರಾಂನ್ಯಾಗ ಎರಡು-ಮೂರು ಲಕ್ಷ ತತ್ತಿ ಇರ್ತಾವು, ಮನಿಗೆ ಕಾಲು ಚಮಚ ಸಾಕು.

2. ನೀರು. ನಳದ ನೀರು ಒಂದು ದಿನ ತೆರದಿಟ್ಟು, ಲೀಟರ್‌ಗೆ 25 ಗ್ರಾಂ ಹರಳುಪ್ಪು, ಚಿಟಿಕಿ ಅಡಗಿ ಸೋಡಾ. ಪುಡಿ ಉಪ್ಪಿನ್ಯಾಗೂ ಒಡೀತಾವು, ಆದ್ರ ನಾ ಹರಳುಪ್ಪು ಬಿಟ್ಟು ಬ್ಯಾರೆ ಮುಟ್ಟಂಗಿಲ್ಲ, ನೀವೂ ಮುಟ್ಟಬ್ಯಾಡ್ರಿ. ನೀರು 26ರಿಂದ 28 ಡಿಗ್ರಿ ಇರ್ಲಿ, ಬಾಜೂಕ ಒಂದು ಬಲ್ಬ್ ಹಚ್ಚಿಡ್ರಿ.

3. ಗಾಳಿ. ಕೆಡೋದು ಇಲ್ಲೇ, ಅದಕ್ಕ ಸಾವಕಾಶ ಓದ್ರಿ. ಬಾಟ್ಲಿ ತಲಿಕೆಳಗ ಮಾಡಿ, ಬುಡ ಕತ್ತರಿಸಿ, ಪಂಪಿನ ಪೈಪ್ ನೇರ ತಳದ ತನಕ ಬಿಡ್ರಿ. ಪೈಪಿನ ತುದಿಗೆ ಏರ್ ಸ್ಟೋನ್ ಅಂದ್ರ ಗುಳ್ಳಿ ಸಣ್ಣ ಮಾಡೋ ಕಲ್ಲು ಹಾಕಬ್ಯಾಡ್ರಿ, ಸಣ್ಣ ಗುಳ್ಳಿಗೆ ನೊರಿ ಎದ್ದು ತತ್ತಿ ಎಲ್ಲಾ ಮ್ಯಾಲ ಗ್ವಾಡಿಗೆ ಹತ್ತಿ ಕುಂದ್ರತಾವು. ದೊಡ್ಡ ಗುಳ್ಳಿ ಬಂದು ನೀರು ಕುದ್ದಂಗ ತಿರುಗ್ತಿರಬೇಕು.

ಈಗ ಕರೆಂಟ್ ಹೋತು ಅಂತ ತಿಳಕೋರಿ. ತತ್ತಿ ತಳಕ್ಕ ಗುಂಪಾಗಿ ಕೂತು, ಅಲ್ಲಿದ್ದ ಆಕ್ಸಿಜನ್ ಮುಗೀತು. ಒಳಗಿರೋದು ಸುಮಾರು 4000 ಜೀವಕೋಶದ ಭ್ರೂಣ. ಆಕ್ಸಿಜನ್ ಇಲ್ಲಂದ್ರ ಎಷ್ಟೋ ಪ್ರಾಣಿ ಸಕ್ರಿ ಹುಳಿ ಮಾಡಿ ಒಂದೀಟು ಶಕ್ತಿ ತಗದು ಹೆಂಗೋ ಎಳೀತಾವು, ಆ ಸಕ್ರಿ ಮುಗದ್ರ ಕಥಿ ಮುಗೀತು. ಈ ಭ್ರೂಣ ಹಂಗ ಮಾಡಂಗಿಲ್ಲ. ಕೋಶದೊಳಗಿನ ಪಿಎಚ್ (ಹುಳಿ ಅಳಿಯೋ ಲೆಕ್ಕ, ಇಳದಷ್ಟು ಹುಳಿ ಜಾಸ್ತಿ) ಸುಮಾರು 7.9ರಿಂದ 6.3ಕ್ಕ ಇಳೀತೈತಿ, ಎಟಿಪಿ ಅಂದ್ರ ಕೋಶದ ಕೈರೊಕ್ಕ, ಅದೂ ಬಹುತೇಕ ಖಾಲಿ ಆಗ್ತೈತಿ, ಪ್ರೋಟೀನ್ ಕಟ್ಟೋದು ನಿಲ್ತೈತಿ, ಟ್ರೆಹಲೋಸ್ ಅನ್ನೋ ಸಕ್ರಿ ದಾಸ್ತಾನು ಮಾತ್ರ ಹಂಗ ಉಳೀತೈತಿ. ಹಗೇವಿನ ಬಾಯಿ ಮುಚ್ಚಿ ಜೋಳ ಇಟ್ಟಂಗ, ತೆಗಿಯೋತನಕ ಒಂದು ಕಾಳೂ ಖರ್ಚಿಲ್ಲ. ದಿನಗಟ್ಟಲೆ ಹಿಂಗ ಕೂತ್ರ ಪ್ರೋಟೀನ್ ಮುದ್ದಿ ಆಗಿ ಕೆಡಬೇಕು, ಅದಕ್ಕ ಪಿ26 ಅನ್ನೋ ಕಾವಲು ಪ್ರೋಟೀನ್ ಮೊದಲ ರಾಶಿಗಟ್ಟಲೆ ತುಂಬಿಟ್ಟಿರ್ತೈತಿ. ಅಮೆರಿಕಾದ ಜೇಮ್ಸ್ ಕ್ಲೆಗ್ ಅನ್ನೋ ವಿಜ್ಞಾನಿ 1997ರಾಗ ಪ್ರಕಟಿಸಿದ ಕೆಲಸ ಐತಿ, ನೀರಿನ್ಯಾಗ ನೆಂದ ತತ್ತಿ, ಚಳಿ ಕೋಣಿನೂ ಅಲ್ಲ, ನಾಲ್ಕು ವರ್ಷ ಒಂದಿಷ್ಟೂ ಆಕ್ಸಿಜನ್ ಇಲ್ಲದ ಇಟ್ಟ ಮ್ಯಾಲೂ ಬದುಕ್ಯಾವು. ನಾಲ್ಕು ವರ್ಷರೀ! ನಮ್ಮ ಗೆಳೆಯಾಂದು ಒಂದು ರಾತ್ರಿ.

ಅದಕ್ಕ ಕರೆಂಟ್ ಬಂದ ಕೂಡ್ಲೇ ಬಾಟ್ಲಿ ಅಲುಗಾಡಿಸಿ, ತಳದ ಗುಂಪು ಚದುರಿಸಿ, ಪಂಪ್ ಚಾಲೂ ಮಾಡ್ರಿ. ಎಷ್ಟು ತಾಸು ನಿಂತಿತ್ತೋ ಅಷ್ಟನ್ನ ಕೂಡಿಸಿ ಕಾಯ್ರಿ, ಅವಸರಕ್ಕ ಅಂತ ಬಿಸಿನೀರು ಸುರುವಬ್ಯಾಡ್ರಿ.

ಆದ್ರ ಇದೆಲ್ಲಾ ಸಿಪ್ಪಿ ಒಡಿಯೋಕಿಂತ ಮೊದಲಿನ ಮಾತು, ಇದನ್ನ ಮರೀಬ್ಯಾಡ್ರಿ. ಸಿಪ್ಪಿ ಸೀಳಿ ಮರಿ ಹೊರಗ ಬಂದು ಈಜಲಿಕ್ಕೆ ಹತ್ತಿತಂದ್ರ ಆ ತಾಕತ್ತು ಹೋತು, ಆಗ ಗಾಳಿ ನಿಂತ್ರ ಖರೇನ ಸಾಯ್ತಾವು. ಹನ್ನೆರಡು ತಾಸು ದಾಟಿದ ಮ್ಯಾಲ ಕರೆಂಟ್ ಹೋದ್ರ, ನೀರನ್ನ ಅಗಲಾದ ಪರಾತಕ್ಕ ತೆಳ್ಳಗ ಸುರುವಿಬಿಡ್ರಿ, ಮ್ಯಾಲಿಂದ ಗಾಳಿ ಹತ್ತಿ ಸ್ವಲ್ಪ ಹೊತ್ತು ತಡೀತಾವು. ಬ್ಯಾಟರಿ ಪಂಪ್ ಒಂದು ಇಟ್ಕೊಂಡ್ರ ಇನ್ನೂ ಛಲೋ.

(ಜೀಬ್ರಾ ಡಾನಿಯೋ ಮೀನು ಸಾಕೋರಿಗೆ ಒಂದು ಮಾತು: ಅದರ ಎಳೇ ಭ್ರೂಣನೂ 24 ತಾಸು ಆಕ್ಸಿಜನ್ ಇಲ್ಲದ ಬೆಳವಣಿಗಿ ನಿಲ್ಲಿಸಿ ಕುಂದ್ರತೈತಿ, ಹೃದಯ ಬಡಿಯೋದು ಸುದ್ದಾ ನಿಂತು ಮತ್ತ ಚಾಲೂ ಆಗ್ತೈತಿ, 2001ರಾಗ ತೋರ್ಸ್ಯಾರ. ಭ್ರೂಣದ ವಯಸ್ಸು ಸುಮಾರು ಒಂದು ದಿನ ದಾಟಿದ ಮ್ಯಾಲ ಅದಕ್ಕೂ ಆಗಂಗಿಲ್ಲ.)

4. ಸೋಸೋದು. 24 ತಾಸಿಗೆ ಪಂಪ್ ಬಂದ್ ಮಾಡಿ, ಹತ್ತು ನಿಮಿಷ ಬಿಟ್ಟು, ಕೆಳಗ ಬ್ಯಾಟರಿ ಬೆಳಕು ಹಿಡೀರಿ. ಕೇಸರಿ ಬಣ್ಣದ ಮರಿ ಬೆಳಕಿಗೆ ಬರ್ತಾವು, ಖಾಲಿ ಸಿಪ್ಪಿ ತೇಲ್ತಾವು. ಸಿಪ್ಪಿ ಮಾತ್ರ ಮೀನಿನ ಟ್ಯಾಂಕಿಗೆ ಹೋಗಬಾರದು, ಮರಿಮೀನಿನ ಕರುಳಿನ್ಯಾಗ ಸಿಕ್ಕೊಂತೈತಿ. ಸಿಹಿನೀರಾಗ ತೊಳದು ಐದಾರು ತಾಸಿನೊಳಗ ಹಾಕಿಬಿಡ್ರಿ, ತಡ ಆದಂಗ ಮರಿ ತನ್ನ ಹೊಟ್ಟ್ಯಾಗಿನ ಕೊಬ್ಬನ್ನ ತಾನ ಕರಗಿಸ್ಕೋತೈತಿ. ತಳದಾಗ ಒಡಿಯದ ಉಳದ ತತ್ತಿ ಕಂದು ಬಣ್ಣದ್ದು ಇರ್ತಾವಲ್ಲ, ಅವನ್ನ ಹೊಸ ಉಪ್ಪುನೀರಿಗೆ ಹಾಕಿ ಇನ್ನೊಂದು ದಿನ ಗಾಳಿ ಕೊಡ್ರಿ.