ಡಿಫರೆನ್ಷಿಯಲ್‌ಗೆ ಯಾವ ಗ್ರೇಡ್ ಗೇರ್ ಆಯಿಲ್?

ಡಿಫರೆನ್ಷಿಯಲ್ ಅಂದರೆ ತಿರುವಿನಲ್ಲಿ ಎಡ-ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ. ಅದಕ್ಕೆ ಆಯಿಲ್ ಹಾಕಿಸುವ ಮೊದಲು ಗಾಡಿಯ ಮ್ಯಾನುಯಲ್ ತೆಗೆದು ನೋಡಿ. ಅದರಲ್ಲಿರುವ ಗ್ರೇಡೇ ಸರಿ.

75ಡಬ್ಲ್ಯೂ-90 ಅಂತ ಇದ್ದರೆ, 75ಡಬ್ಲ್ಯೂ ಅನ್ನೋದು ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಹೇಳುತ್ತದೆ. 90 ಅನ್ನೋದು ಬಿಸಿಯಾದಾಗ ಎಷ್ಟು ಮಂದ ಇರುತ್ತದೆ ಅನ್ನೋದು. ಇದನ್ನು ಎಂಜಿನ್ ಆಯಿಲ್ ನಂಬರ್ ಜೊತೆ ಹೋಲಿಸಬೇಡಿ, ಎರಡರ ಅಳತೆಯೇ ಬೇರೆ.

ಮಂದ ಇದ್ದಷ್ಟೂ ಒಳ್ಳೆಯದು ಅಂತ ತುಂಬಾ ಜನ ಸುಮ್ನೆ 85ಡಬ್ಲ್ಯೂ-140 ಹಾಕಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಜಾಸ್ತಿ ಲೋಡ್, ಜಾಸ್ತಿ ಬಿಸಿ ಇರುವ ಕೆಲಸಕ್ಕೆ, ಅದೂ ಕಂಪನಿ ಒಪ್ಪಿದ್ದರೆ ಮಾತ್ರ. ಇಲ್ಲದಿದ್ದರೆ ಗೇರ್ ತಿರುಗಲು ಹೆಚ್ಚು ಶಕ್ತಿ ಬೇಕು, ಮೈಲೇಜ್ ಇಳಿಯುತ್ತದೆ. ಚಳಿಯಲ್ಲಿ ಬೇರಿಂಗ್‌ಗೆ ಆಯಿಲ್ ತಲುಪುವುದೂ ತಡ.

ಗ್ರೇಡ್ ಜೊತೆಗೆ ಜಿಎಲ್ ನಂಬರನ್ನೂ (ಒತ್ತಡದಲ್ಲಿ ಗೇರ್ ಹಲ್ಲುಗಳನ್ನು ಆಯಿಲ್ ಎಷ್ಟು ಕಾಪಾಡುತ್ತದೆ ಅನ್ನೋ ದರ್ಜೆ) ನೋಡಲೇಬೇಕು. ಹೈಪಾಯ್ಡ್ ಗೇರ್ (ಸಣ್ಣ ಗೇರ್ ದೊಡ್ಡ ಗೇರ್‌ನ ಮಧ್ಯಕ್ಕೆ ಸರಿಯಾಗಿ ಅಲ್ಲದೆ ಸ್ವಲ್ಪ ಸರಿದು ಕೂರುವ ಜೋಡಿ) ಇರುವ ಡಿಫರೆನ್ಷಿಯಲ್‌ಗೆ ಸಾಮಾನ್ಯವಾಗಿ ಜಿಎಲ್-5 ಬೇಕು. ಅಲ್ಲಿ ಹಲ್ಲುಗಳು ಒಂದರ ಮೇಲೊಂದು ಜೋರಾಗಿ ಉಜ್ಜುತ್ತವೆ, ಜಿಎಲ್-4 ತಡೆಯುವುದಿಲ್ಲ. ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಜಾರಿ ಸುಮ್ನೆ ಸುತ್ತುವುದನ್ನು ಕಡಿಮೆ ಮಾಡುವ ಡಿಫರೆನ್ಷಿಯಲ್) ಇದ್ದರೆ ಅದಕ್ಕೆ ಹೊಂದುವ ಆಯಿಲ್ಲೇ ಬೇಕು, ತಿರುವಿನಲ್ಲಿ ಕಟಕಟ ಸದ್ದು ಬರೋದು ಹೆಚ್ಚಾಗಿ ಇದು ತಪ್ಪಿದಾಗಲೇ.

ಇನ್ನೊಂದು, ಹಳೆ ಆಯಿಲ್ ಇಳಿಸುವ ಮುಂಚೆ ತುಂಬಿಸುವ ಪ್ಲಗ್ ಬಿಚ್ಚಲು ಬರುತ್ತದಾ ನೋಡಿಕೊಳ್ಳಿ, ಇಲ್ಲದಿದ್ದರೆ ಹೊಸ ಆಯಿಲ್ ಹಾಕಲು ಆಗುವುದಿಲ್ಲ.